ಸಹಾಯ ಬೇಕು: ಹಳೆ ಮೀಟರ್ ಗೇಜ್ ವ್ಯಾಗನ್ ಮೇಲೆ ಯಾವ ಅಕ್ಷರ ಬರೆಯಲಿ?

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮ ಕಡೆ ಹತ್ತಿ ಅಂಡಿಗೆ ಸಾಗಿಸುತ್ತಿದ್ದ ನಾಲ್ಕು ಗಾಲಿಯ ಮುಚ್ಚಿದ ಮೀಟರ್ ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರ) ವ್ಯಾಗನ್‌ನ ಮಾಡೆಲ್ ಮಾಡುತ್ತಿದ್ದೇನೆ. 1:87 ಅಳತೆ (ನಿಜವಾದದ್ದರ 87ನೇ ಒಂದು ಭಾಗ), ಹಳಿಗಳ ನಡುವೆ 12 ಮಿ.ಮೀ. ಅಂತರ. 1952ರ ಹತ್ತಿ ಸೀಸನ್‌ನಲ್ಲಿ ಗದಗ ಸ್ಟೇಷನ್‌ನಲ್ಲಿ ನಿಂತಂತೆ ಕಾಣಬೇಕು ಅಂತ ಆಸೆ. ಬಾಡಿ ಮುಗಿದಿದೆ, ನಡುವೆ ಒಂದೇ ಬಫರ್ (ವ್ಯಾಗನ್‌ಗಳು ತಾಗಿದಾಗ ಹೊಡೆತ ತಡೆಯುವ ಭಾಗ) ಇರುವ ಕಪ್ಲಿಂಗ್ (ವ್ಯಾಗನ್ ಜೋಡಿಸುವ ಕೊಂಡಿ) ಕೂಡ ಕೂರಿಸಿದ್ದೇನೆ (ಅಗಲ ಹಳಿಯ ಬ್ರಾಡ್ ಗೇಜ್ ತರಹ ಎರಡೂ ಕಡೆ ಬಫರ್ ಹಾಕಿದರೆ ಮೀಟರ್ ಗೇಜ್ ಅನ್ನಿಸೋದೇ ಇಲ್ಲ). ಕೆಲಸ ನಿಂತಿರುವುದು ಮೈಮೇಲಿನ ಬರಹದ ಹತ್ತಿರ.

1908ರಿಂದ ಈ ಲೈನ್ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯದು (ಎಂ.ಎಸ್.ಎಂ.). 1951ರ ಏಪ್ರಿಲ್‌ನಲ್ಲಿ ಅದು ದಕ್ಷಿಣ ರೈಲ್ವೆಗೆ (ಸದರ್ನ್ ರೈಲ್ವೆ, ಎಸ್.ಆರ್.) ಸೇರಿತು. ಆದರೆ ಅಷ್ಟೂ ವ್ಯಾಗನ್‌ಗಳಿಗೆ ಒಂದೇ ದಿನ ಬಣ್ಣ ಬಳಿಯೋಕೆ ಆಗಲ್ಲ ಅಲ್ವಾ? ಹುಬ್ಬಳ್ಳಿ ರೈಲ್ವೆ ಮ್ಯೂಸಿಯಂ ನೋಡಿ ಬಂದೆ. ವರ್ಕ್‌ಶಾಪ್‌ನಿಂದ ನಿವೃತ್ತರಾದ ಹಿರಿಯರನ್ನೂ ಕೇಳಿದೆ, ಅವರಿಗೆ ನೆನಪಿರುವುದೆಲ್ಲ ನಂತರದ ಕಾಲದ್ದು. ನೆಟ್‌ನಲ್ಲಿ ಎಂಜಿನ್ ಫೋಟೋಗಳೇ ಜಾಸ್ತಿ, ವ್ಯಾಗನ್ ಕಂಡರೂ ತಾರೀಖು ಇರಲ್ಲ.

ನನ್ನ ಪ್ರಶ್ನೆ ಇಷ್ಟೇ: 1952ರಲ್ಲಿ ಗದಗ ಕಡೆ ಓಡುತ್ತಿದ್ದ ವ್ಯಾಗನ್‌ಗಳ ಮೇಲೆ ಎಂ.ಎಸ್.ಎಂ. ಅಂತ ಇನ್ನೂ ಇತ್ತಾ, ಎಸ್.ಆರ್. ಅಂತ ಆಗಿತ್ತಾ? ತಾರೀಖು ಗೊತ್ತಿರುವ ಫೋಟೋ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಕೆಳಗೆ ಹಾಕಿ.