ಅಪ್ಪ-ಅಮ್ಮ ಪೊನ್ನಂಪೇಟೆಗೆ ಬರ್ತಿದ್ದಾರೆ, ಎಲ್ಲಿ ಊಟ, ಏನು ತೋರಿಸಲಿ?

ಗದಗಿನ ಹುಡುಗ:
ಇಲ್ಲಿ ಅರಣ್ಯ ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದೇನೆ. ಸಂಕ್ರಾಂತಿ ಮುಗಿದ ವಾರ ಅಪ್ಪ-ಅಮ್ಮ ಮೊದಲ ಸಲ ಬರುತ್ತಿದ್ದಾರೆ, ಮೂರು ದಿನ ಇರುತ್ತಾರೆ. ಪಕ್ಕಾ ಸಸ್ಯಾಹಾರಿಗಳು. ಅಪ್ಪ ಜೋಳ, ಮೆಣಸಿನಕಾಯಿ ಬೆಳೆಯುವ ರೈತ, ಅಮ್ಮನಿಗೆ ಮೊಣಕಾಲು ನೋವು. ಕೊಡಗಲ್ಲಿ ಹಂದಿ ಬಿಟ್ಟು ಬೇರೇನೂ ಸಿಗಲ್ಲ ಅಂತ ಯಾರೋ ಹೆದರಿಸಿದ್ದಾರೆ, ಅದಕ್ಕೆ ಅಮ್ಮ ಮೂರು ದಿನಕ್ಕಾಗುವಷ್ಟು ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟುತ್ತಿದ್ದಾಳೆ. ನಾನಂತೂ ಹಾಸ್ಟೆಲ್ ಮೆಸ್ ಮತ್ತು ಗೋಣಿಕೊಪ್ಪದ ಒಂದು ಪರೋಟಾ ಅಂಗಡಿ ಬಿಟ್ಟರೆ ಏನೂ ಕಂಡವನಲ್ಲ. ಕಾರಿಲ್ಲ. ಒಂದು ದಿನಕ್ಕೆ ಬೇಕಾದರೆ ಬಾಡಿಗೆ ಗಾಡಿ ಮಾಡಬಹುದು.

ತೋಟದ ಮನೆ:
ರೊಟ್ಟಿ ಬರಲಿ ಬಿಡಿ, ನಮಗೂ ಎರಡು ಎತ್ತಿಡಿ. ಆದರೆ ಅಮ್ಮನಿಗೆ ಹೇಳಿ, ಪಂದಿ ಕರಿ (ಹಂದಿ ಸಾರು) ಜೊತೆ ಬಡಿಸುವ ಪುಟ್ಟುಗಳೆಲ್ಲ ಅಕ್ಕಿಯವೇ. ಪಾಪುಟ್ಟು ಅಂದರೆ ಅಕ್ಕಿ ತರಿಗೆ ಹಾಲು, ಕಾಯಿತುರಿ ಹಾಕಿ ತಟ್ಟೆಯಲ್ಲಿ ಹಬೆಗಿಡುವುದು. ನೂಪುಟ್ಟು ನಿಮ್ಮ ಶ್ಯಾವಿಗೆಯ ನೆಂಟ, ಬಾಳೆಹಣ್ಣು, ಜೇನು ಕಲಸಿಕೊಂಡು ತಿನ್ನಬಹುದು. ಅವರಿಗೆ ನಿಜವಾಗಿ ಹಿಡಿಸುವುದು ಅಕ್ಕಿ ಒತ್ತಿ. ಅನ್ನವನ್ನೇ ಅಕ್ಕಿಹಿಟ್ಟಿನ ಜೊತೆ ಚೆನ್ನಾಗಿ ನಾದಿ, ತೆಳ್ಳಗೆ ತಟ್ಟಿ, ಕಾವಲಿಯಲ್ಲಿ ಎರಡೂ ಕಡೆ ಬೇಯಿಸಿ ಕೆಂಡದ ಮೇಲಿಟ್ಟರೆ ಪುಸ್ ಅಂತ ಉಬ್ಬುತ್ತದೆ. ನಮ್ಮ ಚಿಕ್ಕಮ್ಮ ಧಾರವಾಡದವರು. ಮದುವೆಯಾಗಿ ಬಂದ ವಾರ ಒಲೆ ಮುಂದೆ ಕೂತು ನೋಡಿ, "ಇದೂ ರೊಟ್ಟಿನೇ, ಸ್ವಲ್ಪ ಸೋಮಾರಿ ರೊಟ್ಟಿ" ಅಂದಿದ್ದರು. ಈಗ ದಿನಾ ಅದನ್ನೇ ತಟ್ಟುತ್ತಾರೆ. ಜೊತೆಗೆ ಎಳ್ಳು ಪಜ್ಜಿ (ಚಟ್ನಿ), ಕುಂಬಳ ಕರಿ, ಜನವರಿ ಆದ್ದರಿಂದ ಅವರೆಕಾಳು. ಕಣಿಲೆ (ಎಳೆ ಬಿದಿರು), ಅಣಬೆ ಕೇಳಬೇಡಿ, ಅವು ಮಳೆಗಾಲದವು.

ಒಂದು ಮಾತು. ಹೋಟೆಲಿನಲ್ಲಿ ಒಂದೇ ಅಡುಗೆಮನೆ, ಒಂದೇ ಸೌಟು ಇರಬಹುದು. ಅದು ಆಗಲ್ಲ ಅನ್ನುವವರಾದರೆ ಸಸ್ಯಾಹಾರಿ ಹೋಟೆಲಿಗೇ ಹೋಗಿ, ಅಥವಾ ಹೋಂಸ್ಟೇನಲ್ಲಿ ಮೊದಲೇ ಫೋನ್ ಮಾಡಿ ಬಾಯಿಬಿಟ್ಟು ಹೇಳಿ.

ಸುತ್ತಿ ಸುಸ್ತಾದವನು:
ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಅಪ್ಪ-ಅಮ್ಮ ಬಂದಾಗ ಒಂದೇ ದಿನದಲ್ಲಿ ತಲಕಾವೇರಿ, ಅಬ್ಬಿ ಜಲಪಾತ, ರಾಜಾಸೀಟ್, ದುಬಾರೆ, ಬೈಲಕುಪ್ಪೆ ಎಲ್ಲ ತೋರಿಸ್ತೀನಿ ಅಂತ ಗಾಡಿ ಮಾಡಿದೆ. ತಿರುವುಗಳಲ್ಲಿ ಅಪ್ಪನಿಗೆ ವಾಂತಿ, ಅಬ್ಬಿಯ ಮೆಟ್ಟಿಲು ಹತ್ತುವಾಗ ಅಮ್ಮ ಕೂತೇಬಿಟ್ಟಳು, ರಾಜಾಸೀಟ್ ತಲುಪುವಷ್ಟರಲ್ಲಿ ಕತ್ತಲು. ಊರಿಗೆ ಹೋಗಿ ಅಮ್ಮ ಹೇಳಿದ್ದು ಏನು ಗೊತ್ತಾ? "ಕೊಡಗು ಅಂದ್ರೆ ಕಾರು."

ಇರುವುದು ಒಂದೇ ದಿನದ ಗಾಡಿ ತಾನೇ. ಅದು ತಲಕಾವೇರಿಗಿರಲಿ, ಅಷ್ಟು ದೂರದಿಂದ ಬಂದು ಕಾವೇರಿ ಹುಟ್ಟುವ ಜಾಗ ನೋಡದಿದ್ದರೆ ಹಿರಿಯರಿಗೆ ಬೇಜಾರಾಗುತ್ತದೆ. ನಸುಕಿಗೇ ಹೊರಟು ಮೊದಲು ಭಾಗಮಂಡಲದ ಸಂಗಮ, ಅಲ್ಲಿಂದ ಎಂಟು ಕಿಲೋಮೀಟರ್ ಮೇಲೆ. ಕಾವೇರಿ ಉಕ್ಕುವ ಪುಟ್ಟ ಕೊಳ ತೀರ್ಥಕುಂಡಿಕೆ ತನಕ ಸಾಕು, ಬೆಟ್ಟದ ಮೆಟ್ಟಿಲು ಬೇಡ. ಸಂಜೆ ವಾಪಸ್, ಅಷ್ಟೇ.

ಕುಟ್ಟ ಬಸ್ಸು:
ಇರ್ಪು ಜಲಪಾತ ಬಿಟ್ಟರಲ್ಲ! ನಿಮ್ಮ ಪೊನ್ನಂಪೇಟೆ ಮುಂದೆಯೇ ಹಾದುಹೋಗುವ ಕುಟ್ಟ ರಸ್ತೆಯಲ್ಲಿ ಶ್ರೀಮಂಗಲ ದಾಟಿದರೆ ಸಿಗುತ್ತದೆ. ಲಕ್ಷ್ಮಣ ಬಾಣ ಬಿಟ್ಟು ನೀರು ಬರಿಸಿದ ಅಂತ ಕತೆ, ಹೊಳೆಗೂ ಲಕ್ಷ್ಮಣತೀರ್ಥ ಅಂತಲೇ ಹೆಸರು. ಜನವರಿಯಲ್ಲಿ ನೀರು ಕಮ್ಮಿ. ಕೆಳಗೆ ರಾಮೇಶ್ವರ ದೇವಸ್ಥಾನದ ಹತ್ತಿರ ಅಮ್ಮ ಕೂರಲಿ, ಜಲಪಾತಕ್ಕೆ ನೀವೂ ಅಪ್ಪನೂ ಹೋಗಿಬನ್ನಿ.

ಮೈಸೂರಿನಿಂದ ಬರುವಾಗ ಹಗಲು ಬಸ್ಸಿಗೇ ಹತ್ತಿಸಿ (ಕೊಡಗಿಗೆ ರೈಲಿಲ್ಲ, ನಿಮಗೆ ಗೊತ್ತೇ ಇದೆ). ಹುಣಸೂರು ದಾಟಿದ ಮೇಲೆ ಕಾಡು, ಆ ದಾರಿಯಲ್ಲೇ ಮತ್ತಿಗೋಡು ಆನೆ ಶಿಬಿರ. ದಸರಾದಲ್ಲಿ ಅಂಬಾರಿ ಹೊತ್ತ ಅಭಿಮನ್ಯು ಅಲ್ಲಿಯವನೇ. ಕಿಟಕಿ ಸೀಟು ಹಿಡಿಯಲು ಹೇಳಿ.

ಗದಗಿನ ಹುಡುಗ:
ತಲಕಾವೇರಿ ಒಂದು ದಿನ, ಇರ್ಪು ಅರ್ಧ ದಿನ, ಸರಿ. ಉಳಿದ ಹೊತ್ತು? ಅಪ್ಪ ಸುಮ್ನೆ ಕೂರುವ ಮನುಷ್ಯ ಅಲ್ಲ.

ತೋಟದ ಮನೆ:
ರೈತ ಅಂದಿರಲ್ಲ, ತೋಟಕ್ಕೆ ಕರೆದುಕೊಂಡು ಹೋಗಿ. ನಮ್ಮ ಕಡೆ ರೊಬಸ್ಟಾ ಕಾಫಿ ಜಾಸ್ತಿ, ಜನವರಿಯಲ್ಲಿ ಕೊಯ್ಲು. ಕಣದ ತುಂಬ ಕಾಫಿ ಹಣ್ಣು ಹರಡಿರುತ್ತಾರೆ, ಮೊದಲ ದಿನ ಕೆಂಪು, ಆಮೇಲೆ ಕಪ್ಪಾಗುತ್ತಾ ಬರುತ್ತದೆ, ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಮೆಣಸಿನಕಾಯಿ ಒಣಗಿಸಿದವರಿಗೆ ಅದನ್ನು ಬಿಡಿಸಿ ಹೇಳುವುದು ಬೇಡ. ರೇಟು ಕೇಳಿದರೆ ಹೇಳಿ, ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) 50 ಕೆಜಿ ಚೀಲದ ಲೆಕ್ಕ, ಆ ಚೀಲದಿಂದ ಎಷ್ಟು ಕೆಜಿ ಬೀಜ ಬರುತ್ತದೆ ಅನ್ನುವುದಕ್ಕೆ ಓಟಿ ಅಂತಾರೆ. ಯಾವ ಬೆಳೆಗಾರನ ಹತ್ತಿರವಾದರೂ ಈ ಓಟಿ ಮಾತು ತೆಗೆದರೆ ಒಂದು ಗಂಟೆ ಗ್ಯಾರಂಟಿ. ಯಾರ ತೋಟಕ್ಕೂ ಕೇಳದೆ ನುಗ್ಗಬೇಡಿ, ಮತ್ತೆ ಸಂಜೆ ಐದರ ಮೇಲೆ ಬೇಡ, ಆನೆ ಓಡಾಟ ಇದೆ.

ಭಾನುವಾರ ಇದ್ದರೆ ಗೋಣಿಕೊಪ್ಪ ಸಂತೆ. ಅಮ್ಮ ಕಿತ್ತಳೆ ಚೌಕಾಸಿ ಮಾಡಲಿ, ಸಿಪ್ಪೆ ಸಡಿಲ ಇರುವ ಸಣ್ಣ ಕಿತ್ತಳೆಯೇ ನಮ್ಮೂರಿನದು.

ಗದಗಿನ ಹುಡುಗ:
ಅಪ್ಪನಿಗೆ ಫೋನ್ ಮಾಡಿದೆ. ತಲಕಾವೇರಿ ಅಂದಾಗ "ಹೂಂ" ಅಂದರು. ಕಾಫಿ ಕಣ ಅಂದ ಕೂಡಲೇ ಕೇಳಿದ್ದು, "ಎಕರೆಗೆ ಎಷ್ಟು ಚೀಲ?" ಅದನ್ನೂ ಯಾರಾದರೂ ಹೇಳಿಬಿಡಿ, ಬಸ್ ಸ್ಟ್ಯಾಂಡಿನಲ್ಲೇ ಮತ್ತೆ ಕೇಳುತ್ತಾರೆ.