ಸಹಾಯ ಬೇಕು: ಸಿಎಸ್2 ಡೆಮೊದಿಂದ ಆಟಗಾರರ ಗುರುತು ಅಳಿಸೋದು ಹೇಗೆ?

ಕೌಂಟರ್-ಸ್ಟ್ರೈಕ್ 2 ಟೀಮಿನ ಅಂಕಿಅಂಶಕ್ಕೆ ಮ್ಯಾಚಿನ ಲೆಕ್ಕ ಇಡೋ ಟ್ರ್ಯಾಕರ್ ಸೈಟ್ ಬಿಟ್ಟು ನಮ್ಮ ಕಂಪ್ಯೂಟರಿನಲ್ಲೇ ಡೆಮೊ (ಇಡೀ ಮ್ಯಾಚಿನ ರೆಕಾರ್ಡಿಂಗ್ ಫೈಲ್) ಓದಿಸ್ತಿದೀವಿ. ಸ್ಟೀಮ್ (ಈ ಆಟ ಸಿಗೋ ಆನ್‌ಲೈನ್ ವೇದಿಕೆ) ಕೊಡೋ ಅಥೆಂಟಿಕೇಶನ್ ಕೋಡ್, ಜೊತೆಗೆ ಒಂದು ಮ್ಯಾಚ್ ಶೇರಿಂಗ್ ಕೋಡ್ ಕೊಟ್ಟರೆ ಸಾಕು, ಸೈಟು ಮುಂದಿನ ಮ್ಯಾಚುಗಳನ್ನೆಲ್ಲ ತಾನೇ ಎಳ್ಕೊಳ್ಳುತ್ತೆ. ಒಪ್ಪಿಗೆ ಕೊಟ್ಟವರು ಒಬ್ಬರು, ಡೆಮೊದಲ್ಲಿ ಇರೋದು ಹತ್ತೂ ಜನ! ಕೋಡ್ ರದ್ದು ಮಾಡಿದರೆ ಹೊಸ ಮ್ಯಾಚ್ ಹೋಗಲ್ಲ ಅಷ್ಟೆ; ಹೋಗಿದ್ದನ್ನ ಅಳಿಸಿ ಅಂತ ಬೇರೆಯಾಗಿ ಕೇಳಬೇಕು.

ಈಗ ಪೈಥಾನ್‌ನಲ್ಲಿ ಡೆಮೊಪಾರ್ಸರ್2 ಅನ್ನೋ ಲೈಬ್ರರಿ ಹಾಕಿ ಸಾವಿನ ಈವೆಂಟುಗಳನ್ನು ತೆಗೆದು, ಹೆಸರಿನ ಕಾಲಂ ಬಿಸಾಕಿ, ಸ್ಟೀಮ್ ಐಡಿಯನ್ನು ಹ್ಯಾಶ್ ಮಾಡ್ತೀವಿ (ನೇರವಾಗಿ ಹಿಂದಕ್ಕೆ ತಿರುಗಿಸೋಕಾಗದ ಸಂಕೇತವಾಗಿ ಬದಲಿಸ್ತೀವಿ). ಬರೀ ಶಾ-256 ಅನ್ನೋ ಹ್ಯಾಶ್ ವಿಧಾನ ಸಾಲದು. ಆಟಗಾರರ ಐಡಿ ಅಂದರೆ 76561197960265728ಕ್ಕೆ 32 ಬಿಟ್‌ನ ಅಕೌಂಟ್ ನಂಬರ್ ಕೂಡಿಸಿದ್ದು; ಸಾಧ್ಯತೆ ಒಟ್ಟು ಸುಮಾರು 429 ಕೋಟಿ. ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕಾಫಿ ಆರೋದ್ರೊಳಗೆ ಅಷ್ಟೂ ಹ್ಯಾಶ್ ಲೆಕ್ಕ ಹಾಕಿ, ಯಾವುದು ಯಾರದ್ದು ಅಂತ ಹೊಂದಿಸಿ ನೋಡಬಹುದು. ಅದಕ್ಕೇ ಗುಟ್ಟಿನ ಕೀ ಸೇರಿಸಿ ಹ್ಯಾಶ್ ಮಾಡೋ ಎಚ್‌ಮ್ಯಾಕ್ ಬಳಸ್ತಿದೀವಿ, ಕೀ ಬೇರೆ ಡ್ರೈವಿನಲ್ಲಿದೆ.

ಸಿಕ್ಕಿಹಾಕ್ಕೊಂಡಿರೋದು ಇಲ್ಲಿ: ಐಡಿ ಹೋದರೂ ಮ್ಯಾಪ್, ಸಮಯ, ಸ್ಕೋರ್, ಕಿಲ್-ಡೆತ್ ಉಳಿಯುತ್ತೆ. ಅದೇ ಮ್ಯಾಚ್ ಇರೋ ಸಾರ್ವಜನಿಕ ಪ್ರೊಫೈಲ್ ಪಕ್ಕ ಇಟ್ಟರೆ ಯಾರು ಅಂತ ಗೊತ್ತಾಗಿಬಿಡುತ್ತೆ. ತಾರೀಖು ತೆಗೆದು ಯಾವ ವಾರ ಅಂತಷ್ಟೇ ಇಟ್ಟರೆ ಸಾಕಾ, ಇಲ್ಲ ಹತ್ತಾರು ಮ್ಯಾಚಿನ ಸರಾಸರಿ ಮಾತ್ರ ಹಂಚಬೇಕಾ? ಎದುರಾಳಿಗಳ ಮಾಹಿತಿ ಪೂರ್ತಿ ಅಳಿಸಿದರೆ ಟ್ರೇಡ್ ಕಿಲ್ ಲೆಕ್ಕ ಕೆಡುತ್ತೆ, ಯಾಕಂದ್ರೆ ನಮ್ಮವರನ್ನು ಹೊಡೆದವರೇ ಕೂಡಲೇ ನಮ್ಮವರ ಕೈಲಿ ಸತ್ತರಾ ಅಂತ ನೋಡಬೇಕು. ಹಾಗಾಗಿ ಅವರಿಗೆ ಪ್ರತಿ ಮ್ಯಾಚಿಗೂ ಹೊಸ ತಾತ್ಕಾಲಿಕ ನಂಬರ್ ಕೊಡೋಣ ಅಂತಿದೀವಿ. ಈ ಥರ ಮಾಡಿದವರು ಯಾವ ಕಾಲಂ ಬಿಟ್ಟಿರಿ, ಯಾವುದು ಇಟ್ಟುಕೊಂಡಿರಿ, ದಯವಿಟ್ಟು ತಿಳಿಸಿ.