ಸ್ಪಿಂಡಲ್ ಆನ್ ಮಾಡಿದರೆ ಲಿಮಿಟ್ ಅಲಾರಂ, ಹೋಮಿಂಗ್ ಉಲ್ಟಾ ದಿಕ್ಕಿಗೆ

ಪ್ರಶ್ನೆ: ಸರ್, ಸಣ್ಣ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಕೊರೆಯುವ ಮಷಿನ್) ಕಟ್ಟಿದ್ದೇನೆ. ಆರ್ಡ್ವಿನೊ ಬೋರ್ಡ್, ಅದರಲ್ಲಿ ಮಷಿನ್ ಓಡಿಸುವ ಸಾಫ್ಟ್‌ವೇರ್ ಜಿಆರ್‌ಬಿಎಲ್ 1.1. ಹೋಮಿಂಗ್ (ತುದಿಯ ಲಿಮಿಟ್ ಸ್ವಿಚ್ ಮುಟ್ಟಿ ಆರಂಭದ ಜಾಗ ಗುರುತಿಸುವುದು) ಕೊಟ್ಟರೆ ಎಕ್ಸ್ ಆಕ್ಸಿಸ್ ಎಡಗಡೆಯ ಸ್ವಿಚ್ ಕಡೆಗೆ ಬರದೆ ಬಲಕ್ಕೆ ಓಡುತ್ತದೆ. ಜೊತೆಗೆ ಸ್ಪಿಂಡಲ್ (ಕಟರ್ ತಿರುಗಿಸುವ ಮೋಟಾರ್) ಆನ್ ಮಾಡಿದರೆ ಸಾಕು, ಯಾವ ಸ್ವಿಚ್ಚನ್ನೂ ಮುಟ್ಟದೆ ಲಿಮಿಟ್ ಸ್ವಿಚ್ ಒತ್ತಿತು ಎನ್ನುವ ಅಲಾರಂ 1 ಬರುತ್ತದೆ. ಸ್ವಿಚ್‌ಗಳೆಲ್ಲ ಎನ್‌ಒ (ಒತ್ತದಿದ್ದಾಗ ತೆರೆದಿರುವ ಬಗೆ). ಗೆಳೆಯರೊಬ್ಬರ ಮಾತು ಕೇಳಿ $26 (ಸ್ವಿಚ್ ಸಿಗ್ನಲ್ ನೆಲೆಗೊಳ್ಳಲು ಕಾಯುವ ಮಿಲಿಸೆಕೆಂಡ್) ಸೆಟ್ಟಿಂಗನ್ನು 500 ಮಾಡಿದೆ. ಏನೂ ಬದಲಾಗಲಿಲ್ಲ.

ಉತ್ತರ: $26 ಅನ್ನು ಮೊದಲಿನ ಹಾಗೆ 250 ಮಾಡಿ. ಅದು ಕೆಲಸ ಮಾಡುವುದು ಹೋಮಿಂಗ್ ಹೊತ್ತಿನಲ್ಲಿ ಮಾತ್ರ. ಹಾರ್ಡ್ ಲಿಮಿಟ್‌ಗೂ (ಓಡುವಾಗ ಸ್ವಿಚ್ ಒತ್ತಿದರೆ ಮಷಿನ್ ನಿಲ್ಲಿಸುವುದು) ಅದಕ್ಕೂ ಸಂಬಂಧ ಇಲ್ಲ.

ದಿಕ್ಕಿನ ವಿಷಯ. ಮೊದಲು ಜಾಗ್ ಮಾಡಿ (ಬಟನ್ ಒತ್ತಿ ಆಕ್ಸಿಸ್ ಓಡಿಸಿ) ನೋಡಿ. ಎಕ್ಸ್ ಪ್ಲಸ್ ಒತ್ತಿದರೆ ಬಲಕ್ಕೆ ಹೋಗಬೇಕು. ಎಡಕ್ಕೆ ಹೋದರೆ ತಪ್ಪು ಮೋಟಾರ್ ದಿಕ್ಕಿನದು, $3 ಸರಿ ಮಾಡಿ. ಜಾಗ್ ಸರಿ ಇದ್ದು ಹೋಮಿಂಗ್ ಮಾತ್ರ ಉಲ್ಟಾ ಆದರೆ ಹೋಮಿಂಗ್ ದಿಕ್ಕು ತಿರುಗಿಸುವ $23=1 ಕೊಡಿ. ವೈ ಕೂಡ ತಿರುಗಬೇಕಾದರೆ 3. ಜಿಆರ್‌ಬಿಎಲ್ ತಾನಾಗಿ ಪ್ಲಸ್ ಕಡೆಗೇ ಹೋಮ್ ಹುಡುಕುತ್ತದೆ. ಈ ಎರಡು ಸೆಟ್ಟಿಂಗ್ ಕಲಸಿಕೊಂಡು ಮೋಟಾರ್ ವೈರ್ ಅದಲುಬದಲು ಮಾಡಿ ಒದ್ದಾಡುವವರೇ ಜಾಸ್ತಿ!

ಅಲಾರಂ ಬರುವುದು ನಾಯ್ಸ್‌ನಿಂದ, ಅಂದರೆ ಸ್ಪಿಂಡಲ್ ಎಬ್ಬಿಸುವ ವಿದ್ಯುತ್ ಗದ್ದಲದಿಂದ. ಎನ್‌ಒ ಸ್ವಿಚ್ ಸುಮ್ನೆ ಇರುವಾಗ ವೈರಿನ ತುದಿ ತೆರೆದೇ ಇರುತ್ತದೆ. ಅದನ್ನು 5 ವೋಲ್ಟ್‌ನಲ್ಲಿ ಹಿಡಿದಿರುವುದು ಬೋರ್ಡಿನ ದುರ್ಬಲ ಪುಲ್-ಅಪ್ ರೆಸಿಸ್ಟರ್ ಒಂದೇ. ಉದ್ದನೆಯ ವೈರ್ ಆಂಟೆನಾ ಆಗಿಬಿಡುತ್ತದೆ, ಅಲ್ವಾ? ಎನ್‌ಸಿ (ಒತ್ತದಿದ್ದಾಗ ಮುಚ್ಚಿರುವ ಬಗೆ) ಮಾಡಿದರೆ ಸ್ವಿಚ್ ಒತ್ತದಿರುವಾಗ ಪಿನ್ ಗ್ರೌಂಡ್‌ಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ವೈರ್ ತುಂಡಾದರೂ ಮಷಿನ್ ನಿಲ್ಲುತ್ತದೆ. ಎನ್‌ಒ ಆದರೆ ತುಂಡಾಗಿದ್ದು ಗೊತ್ತೇ ಆಗುವುದಿಲ್ಲ, ಡಿಕ್ಕಿ ಹೊಡೆದ ಮೇಲೇ ಗೊತ್ತು. ಎನ್‌ಸಿಗೆ ಬದಲಿಸಿ, ಸ್ವಿಚ್ ಸಿಗ್ನಲನ್ನು ಉಲ್ಟಾ ಓದುವ $5=1 ಕೊಡಿ. ಸ್ವಿಚ್ ವೈರನ್ನು ಸ್ಪಿಂಡಲ್ ವೈರ್ ಜೊತೆ ಒಂದೇ ಕಟ್ಟಿನಲ್ಲಿ ಎಳೆಯಬೇಡಿ. ಶೀಲ್ಡ್ ಕೇಬಲ್ ಹಾಕಿದರೆ ಶೀಲ್ಡನ್ನು ಬೋರ್ಡ್ ಕಡೆಯ ತುದಿಯಲ್ಲಿ ಮಾತ್ರ ಗ್ರೌಂಡ್ ಮಾಡಿ.

ಪರೀಕ್ಷೆ ಮುಗಿಯುವವರೆಗೆ $21=0 (ಹಾರ್ಡ್ ಲಿಮಿಟ್ ಆಫ್) ಇರಲಿ. ಸ್ವಿಚ್ಚನ್ನು ಬೆರಳಿನಿಂದ ಒತ್ತಿ ಹಿಡಿದು, ಸ್ಥಿತಿ ಕೇಳುವ ? ಚಿಹ್ನೆಯನ್ನು ಬೋರ್ಡಿಗೆ ಕಳಿಸಿ, ಆ ಆಕ್ಸಿಸ್ ಅಕ್ಷರ ಉತ್ತರದಲ್ಲಿ ಕಾಣಬೇಕು.

ಪ್ರಶ್ನೆ: ಎಕ್ಸ್ ಮಾತ್ರ ಎನ್‌ಸಿ ಮಾಡಿ $5=1 ಕೊಟ್ಟೆ ಸರ್. ಈಗ ವೈ, ಝಡ್ ಒತ್ತದಿದ್ದರೂ ಒತ್ತಿದ ಹಾಗೆ ತೋರಿಸುತ್ತಿದೆ.

ಉತ್ತರ: $5 ಮೂರಕ್ಕೂ ಒಂದೇ. ಉಳಿದ ಎರಡನ್ನೂ ಎನ್‌ಸಿ ಮಾಡಿ. ಒಂದು ಆಕ್ಸಿಸ್‌ನ ಎರಡೂ ತುದಿಗೆ ಸ್ವಿಚ್ ಇದ್ದರೆ ಸೀರೀಸ್‌ನಲ್ಲಿ ಜೋಡಿಸಿ, ಪ್ಯಾರಲಲ್ ಬೇಡ.

ಪ್ರಶ್ನೆ: ಸ್ಪಿಂಡಲ್ ಅಲಾರಂ ಹೋಯಿತು! ಆದರೆ ಎಕ್ಸ್ ಸ್ವಿಚ್ ಮುಟ್ಟಿದ ಮೇಲೆ ಅಲಾರಂ 8.

ಉತ್ತರ: ಹಿಂದೆ ಸರಿದರೂ ಸ್ವಿಚ್ ಬಿಡುತ್ತಿಲ್ಲ. ಹಿಂದೆ ಸರಿಯುವ ದೂರ $27 ಅನ್ನು 1 ಮಿಮೀಯಿಂದ 3ಕ್ಕೆ ಏರಿಸಿ. ಆಮೇಲೆ $21=1 ಮಾಡುವುದು ಮರೆಯಬೇಡಿ.